ಊರಿನ ಕರೆಂಟು ನುಂಗಿದ ವರ

ಕಾಮಿಕ್ಸಿನಲ್ಲಿ ಕ್ಯಾಪ್ಟನ್ ಸಿಡಿಲು ಊರಿನ ಕರೆಂಟನ್ನೆಲ್ಲ ನುಂಗಿದ ಮಂಗಳವಾರವೇ ನಮ್ಮ ಮೀನುಗಾರರ ಊರು ಎಲ್ಮಿನಾದಲ್ಲಿ ನಿಜವಾಗಿಯೂ ಕರೆಂಟು ಹೋಯಿತು. ಕರೆಂಟು ಹೋಗುವುದು ನಮಗೇನೂ ಹೊಸದಲ್ಲ. ಆದರೆ ಹೋದಾಗಲೆಲ್ಲ ಯಾರನ್ನು ಬಯ್ಯಬೇಕೆಂದು ತಿಳಿಯದೆ ಜನ ಆಕಾಶ ನೋಡಿಕೊಂಡು ಬಯ್ಯುತ್ತಿದ್ದರು. ಈ ಸಲ ಬಯ್ಯುವುದಕ್ಕೆ ಒಂದು ಮುಖ ಸಿಕ್ಕಿತು. ಅದು ನಮ್ಮ ತಾವಿಯಾನ ಮುಖ.

ತಾವಿಯಾ ನನ್ನ ಅಕ್ಕನ ಮಗ. ಅಕ್ಕ ತೀರಿಕೊಂಡ ಮೇಲೆ ನನ್ನ ಮನೆಯಲ್ಲೇ ಬೆಳೆದ. ನಮ್ಮಲ್ಲಿ ವಂಶ ನಡೆಯುವುದು ತಾಯಿಯ ಕಡೆಯಿಂದ, ಹಾಗಾಗಿ ಅವನ ಮಾನ ಮರ್ಯಾದೆ, ಮದುವೆ, ಜಗಳ ಎಲ್ಲ ನನ್ನ ತಲೆಯ ಮೇಲೇ. ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಲಾರಿಯ ಚಕ್ರವನ್ನು ಒಂದೇ ಕೈಯಲ್ಲಿ ಎತ್ತುತ್ತಾನೆ. ಅಷ್ಟು ದೊಡ್ಡ ದೇಹ ಇಟ್ಟುಕೊಂಡು, ಅಂಗಳಕ್ಕೆ ಕೋಳಿ ಬಂದರೆ ಬಾಗಿಲ ಹಿಂದೆ ನಿಲ್ಲುತ್ತಾನೆ.

ಆ ಕಾಮಿಕ್ಸು ಬರೆಯುವವನು ನನ್ನ ಸ್ವಂತ ಮಗ ಫೀಫಿ. ಕಥೆ, ಚಿತ್ರ, ಅಕ್ಷರ ಎಲ್ಲ ಅವನದೇ. ಹೀರೋಗೆ ಒಂದು ಮುಖ ಬೇಕಾದಾಗ, ಕೂರು ಎಂದರೆ ಕದಲದೆ ಕೂರುವ ತಾವಿಯಾ ಮನೆಯಲ್ಲೇ ಇದ್ದ. ಮೊದಮೊದಲು ಆ ಮುಖಕ್ಕೆ ಮುಖವಾಡ ಹಾಕಿದ್ದ. ಓದುವವರು ಒಪ್ಪಲಿಲ್ಲ. ಒಳ್ಳೆಯ ಕೆಲಸ ಮಾಡುವವನು ಮುಖ ಯಾಕೆ ಮುಚ್ಚಿಕೊಳ್ಳಬೇಕು, ಇವನೇನು ಕದ್ದಿದ್ದಾನೆ ಎಂದು ಕೇಳಿದರು. ಫೀಫಿ ಮುಖವಾಡ ತೆಗೆದ. ಅಲ್ಲಿಂದ ಶುರುವಾಯಿತು ನೋಡಿ.

ಪುಸ್ತಕ ಬರುವುದು ಪ್ರತಿ ಮಂಗಳವಾರ. ಮಂಗಳವಾರ ನಮ್ಮ ಕಡಲಿಗೆ ವಿಶ್ರಾಂತಿಯ ದಿನ, ಅವತ್ತು ಯಾರೂ ದೋಣಿ ಇಳಿಸುವಂತಿಲ್ಲ. ಇಳಿಸಿದವನು ಕಡಲಿಗೂ ತಪ್ಪಿತಸ್ಥ, ಊರಿಗೂ ತಪ್ಪಿತಸ್ಥ. ಗಂಡಸರೆಲ್ಲ ದಡದಲ್ಲಿ ಬಲೆ ಹೊಲಿಯುತ್ತ ಕೂತಿರುತ್ತಾರೆ. ಒಬ್ಬ ಪುಸ್ತಕ ಕೊಂಡು ಗಟ್ಟಿಯಾಗಿ ಓದುತ್ತಾನೆ, ಉಳಿದವರು ಕತ್ತು ಚಾಚಿ ಚಿತ್ರ ನೋಡುತ್ತ ಕೇಳುತ್ತಾರೆ. ಸೀಮೆಎಣ್ಣೆಗೆ ನೀರು ಬೆರೆಸುವವನ ಅಂಗಡಿಯ ಮೇಲೆ ಕ್ಯಾಪ್ಟನ್ ಸಿಡಿಲು ಬಂದು ಬಿದ್ದಾಗ ದಡದಲ್ಲಿ ಚಪ್ಪಾಳೆ ಬೀಳುತ್ತಿತ್ತು. ಗುಂಡಿಗೆ ಬಿದ್ದ ವ್ಯಾನನ್ನು ಪ್ರಯಾಣಿಕರ ಸಮೇತ ಕ್ಯಾಪ್ಟನ್ ತಲೆಯ ಮೇಲೆ ಎತ್ತಿ ಹಿಡಿದಾಗ, ಕಂಡಕ್ಟರ್ ಆ ಎತ್ತರದಲ್ಲೇ ಎಲ್ಲರ ಹತ್ತಿರ ಟಿಕೆಟಿನ ದುಡ್ಡು ಕೇಳುತ್ತಿದ್ದ ಚಿತ್ರ ಇವತ್ತಿಗೂ ನಿಲ್ದಾಣದ ಗೋಡೆಯ ಮೇಲಿದೆ.

ಆ ಪ್ರೀತಿಯೆಲ್ಲ ಬಂದು ಬೀಳುತ್ತಿದ್ದುದು ತಾವಿಯಾನ ಮೇಲೆ. ಕೆಂಕೆ ಎಂಬ ಮೆಕ್ಕೆಜೋಳದ ಉಂಡೆ ಮಾರುವವಳು ಬಿಸಿ ಬಿಸಿ ಉಂಡೆಯ ಜೊತೆ ಹುರಿದ ಮೀನಿಟ್ಟು ದುಡ್ಡು ಬೇಡ ಎನ್ನುತ್ತಿದ್ದಳು. ತಾಯಂದಿರು ಮಕ್ಕಳ ತಲೆ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಮೀನುಗಾರರ ಸಭೆಯಲ್ಲಿ ಅವನಿಗೆ ಮುಂದಿನ ಸಾಲಿನ ಕುರ್ಚಿ. ಬೇಡ ಎನ್ನಲು ಅವನಿಗೆ ಬರುವುದಿಲ್ಲ, ಹಾಗಾಗಿ ತಿಂದ, ಮುಟ್ಟಿದ, ಕೂತ.

ಅವನ ಅಂಗಡಿಯ ಎದುರಿಗೇ ಮಾನ್ಸಾ ಅಜ್ಜಿಯ ಕೋಲ್ಡ್ ಸ್ಟೋರು. ಅಜ್ಜಿಯ ಮೊಮ್ಮಗಳು ಎಫುವಾ ಅಲ್ಲಿ ಐಸಿನಲ್ಲಿ ಮರಗಟ್ಟಿದ ಮೀನನ್ನು ಗರಗಸದಲ್ಲಿ ಕೊಯ್ಯುತ್ತಾಳೆ. ತಾವಿಯಾ ಆ ಗರಗಸದ ಸದ್ದು ಕೇಳಿಕೊಂಡು ಎಷ್ಟು ಕಾಲ ಟೈರಿಗೆ ತೇಪೆ ಹಾಕಿದನೋ ಗೊತ್ತಿಲ್ಲ. ಒಂದು ದಿನ ನನ್ನ ಹತ್ತಿರ ಬಂದು ನೆಲ ನೋಡುತ್ತ, "ಚಿಕ್ಕಮ್ಮ, ಆ ಹುಡುಗಿ" ಎಂದ. ಅಷ್ಟೇ. ನಾನು ಒಬ್ಬಳ ಮೂಲಕ ಎಫುವಾಳನ್ನು ವಿಚಾರಿಸಿದೆ. "ಬಂದು ಕೇಳ್ಲಿ, ನೋಡೋಣ" ಎಂದು ಹೇಳಿಕಳಿಸಿದಳು. ಶನಿವಾರ ಬಾಗಿಲು ತಟ್ಟುವುದೆಂದು ಗೊತ್ತುಮಾಡಿದೆವು.

ಬಾಗಿಲು ತಟ್ಟುವುದು ಹೆಣ್ಣು ಕೇಳುವ ಮೊದಲ ಶಾಸ್ತ್ರ. ಹುಡುಗನ ಕಡೆಯವರು ಜಿನ್ ಬಾಟ್ಲಿ ಹಿಡಿದು ಹುಡುಗಿಯ ಮನೆಗೆ ಹೋಗುತ್ತೇವೆ. ಬಾಟ್ಲಿ ಒಳಗೆ ಹೋದರೆ ಸಂಬಂಧ ಗಟ್ಟಿ. ವಾಪಸ್ ಬಂದರೆ ಆ ಬಾಗಿಲನ್ನು ಇನ್ನೊಮ್ಮೆ ತಟ್ಟುವಂತಿಲ್ಲ. ಮಾತಾಡುವುದು ಮನೆಯವರಲ್ಲ, ಎರಡೂ ಕಡೆಯ ಮಾತಿನವರು. ಈ ಊರಿನಲ್ಲಿ ಹುಡುಗನ ಕಡೆ ಮಾತಾಡುವವಳು ನಾನು. ನನ್ನ ನಾಲಿಗೆಯಿಂದ ಎಂಥೆಂಥ ಕುಡುಕರಿಗೂ ಹೆಣ್ಣು ಸಿಕ್ಕಿದೆ. ಇಂಥ ಬಂಗಾರದ ಹುಡುಗನಿಗೆ ಕೇಳುವುದು ಏನು ಮಹಾ ಎಂದುಕೊಂಡಿದ್ದೆ.

ಆಗ ಬಂತು ಆ ಮಂಗಳವಾರ. ಪುಸ್ತಕದಲ್ಲಿ ಕ್ಯಾಪ್ಟನ್ ಸಿಡಿಲು ಟ್ರಾನ್ಸ್‌ಫಾರ್ಮರಿನ ಮುಂದೆ ನಿಂತು ಬಾಯಿ ತೆರೆದು, ತಂತಿಯಲ್ಲಿದ್ದ ಕರೆಂಟನ್ನೆಲ್ಲ ಸೊರ್ರನೆ ಹೀರಿಕೊಂಡ. ಕೊನೆಯ ಚಿತ್ರದಲ್ಲಿ ಊರೆಲ್ಲ ಕತ್ತಲೆ, ಅವನ ಹಲ್ಲು ಮಾತ್ರ ಟ್ಯೂಬ್‌ಲೈಟಿನ ಹಾಗೆ ಹೊಳೆಯುತ್ತಿತ್ತು. "ಇನ್ನು ಮೇಲೆ ನಾನೇ ನಿಮ್ಮ ಒಡೆಯ" ಎಂದು ನಗುತ್ತಿದ್ದ. ದಡದಲ್ಲಿ ಓದುತ್ತಿದ್ದವನು ಓದುವುದನ್ನೇ ನಿಲ್ಲಿಸಿದನಂತೆ. ಮಧ್ಯಾಹ್ನ ಕರೆಂಟು ಹೋಯಿತು. ಬುಧವಾರ ಬರಲಿಲ್ಲ. ಗುರುವಾರವೂ ಬರಲಿಲ್ಲ. ಮಾನ್ಸಾ ಅಜ್ಜಿಯ ಕೋಲ್ಡ್ ಸ್ಟೋರಿನಿಂದ ಮೊದಲು ನೀರು ಬಂತು, ಆಮೇಲೆ ವಾಸನೆ ಬಂತು.

ತಾವಿಯಾ ನಿಜವಾಗಿ ಕರೆಂಟು ನುಂಗಿದ್ದಾನೆಂದು ಯಾರೂ ನಂಬಿರಲಿಲ್ಲ. ಆದರೆ ಸೆಕೆಯಲ್ಲಿ ಫ್ಯಾನಿಲ್ಲದೆ ಕೂತವನಿಗೆ ನಂಬಿಕೆ ಯಾಕೆ ಬೇಕು, ಬಯ್ಯಲು ಒಬ್ಬ ಇದ್ದರೆ ಸಾಕು. ಕೆಂಕೆಯವಳು ದುಡ್ಡು ಕೇಳಿದಳು, ಮೀನನ್ನೂ ಚಿಕ್ಕದು ಕೊಟ್ಟಳು. ಒಬ್ಬ ಡ್ರೈವರ್ ಪಂಕ್ಚರಾದ ಟೈರನ್ನು ಉರುಳಿಸಿಕೊಂಡೇ ಮುಂದೆ ಹೋದ. "ಇವನ ಕೈಗೆ ಕೊಡಲ್ಲಪ್ಪ. ಗಾಳೀನೂ ಕುಡ್ದುಬಿಟ್ರೆ?" ಎಂದನಂತೆ. ಇನ್ನೊಬ್ಬ ಸತ್ತ ಮೊಬೈಲು ತಂದು ಅವನ ಹೊಟ್ಟೆಗೆ ಒತ್ತಿ, "ಒಳಗಿದೆಯಲ್ಲ, ಒಂಚೂರು ಚಾರ್ಜ್ ಮಾಡ್ಕೊಡು" ಎಂದ.

ನನಗೆ ಪಿತ್ತ ನೆತ್ತಿಗೇರಿತು. ಫೀಫಿಯನ್ನು ಹಿಡಿದು ಕೂರಿಸಿದೆ.

"ಯಾಕೋ ಹಿಂಗ್ ಮಾಡ್ದೆ?"

"ಒಳ್ಳೇವನ ಕಥೆ ಎಲ್ಲಾ ಖಾಲಿ ಆಯ್ತಮ್ಮ. ನಿಲ್ದಾಣದಲ್ಲಿ ಕಳ್ಳರೇ ಉಳಿದಿಲ್ಲ. ಎಲ್ಲಾರನ್ನೂ ಅವನೇ ಹಿಡಿದಾಯ್ತು."

"ಅದಕ್ಕೇ ಮನೆ ಮಗನ್ನೇ ಕಳ್ಳ ಮಾಡ್ಬಿಟ್ಯಾ?"

"ಅವನು ಪೂರ್ತಿ ಕೆಟ್ಟೋನಲ್ಲಮ್ಮ. ಅವನಿಗೆ ಒಳಗೊಳಗೇ ನೋವಿದೆ."

"ನೋವಿದ್ರೆ ಮಾತ್ರೆ ನುಂಗ್ಲಿ. ಟ್ರಾನ್ಸ್‌ಫಾರ್ಮರ್ ಯಾಕೆ ನುಂಗ್ತಾನೆ?"

ಫೀಫಿ ಪೆನ್ಸಿಲಿನ ತುದಿ ಕಚ್ಚುತ್ತ ಕೂತ. ನಾಳೆಯೇ ಅವನನ್ನು ಒಳ್ಳೆಯವನನ್ನಾಗಿ ಮಾಡು ಎಂದೆ. ಮುಂದಿನ ಪುಸ್ತಕ ಆಗಲೇ ಅಚ್ಚಾಗಿದೆ, ಕಟ್ಟು ಕಟ್ಟಿಟ್ಟಿದ್ದಾರೆ ಎಂದ. ಅದರಲ್ಲೇನಿದೆ ಎಂದು ಕೇಳಿದರೆ ಕಥೆಯನ್ನು ಮೊದಲೇ ಹೇಳುವುದಿಲ್ಲ ಎಂದು ಎದ್ದು ಹೋದ. ಹೆತ್ತ ತಾಯಿಗೂ ಹೇಳುವುದಿಲ್ಲವಂತೆ.

ತಾವಿಯಾನನ್ನು ಕರೆದು, ಶನಿವಾರದ ಶಾಸ್ತ್ರ ಮುಂದಕ್ಕೆ ಹಾಕೋಣವೇ ಎಂದು ಕೇಳಿದೆ. ಯಾವತ್ತೂ ನನ್ನ ಮಾತಿಗೆ ಎದುರಾಡದವನು ಅವತ್ತು ತಲೆಯೆತ್ತಿದ.

"ಶನಿವಾರ ಹೋಗ್ಲೇಬೇಕು ಚಿಕ್ಕಮ್ಮ."

"ಬಾಟ್ಲಿ ವಾಪಸ್ ಬಂದ್ರೆ?"

"ಬಂದ್ರೆ ಬರ್ಲಿ. ಆದ್ರೆ ಆಮೇಲೆ ನಾನು ಇನ್ಯಾರನ್ನೂ ಕೇಳಲ್ಲ. ನೀವೂ ಕೇಳ್ಬೇಡಿ."

ಅವನು ಹೀಗೆಲ್ಲ ಹೇಳುವವನಲ್ಲ. ನನಗೆ ಭಯವಾಯಿತು.

ಶನಿವಾರ ಬೆಳಿಗ್ಗೆ, ಕರೆಂಟು ಇನ್ನೂ ಬಂದಿರಲಿಲ್ಲ, ಹೊರಟೆವು. ತಾವಿಯಾನಿಗೆ ಹೊಸ ಬಟ್ಟೆ, ಫೀಫಿಗೆ ಇದ್ದಿಲಿನ ಇಸ್ತ್ರಿಯ ಅಂಗಿ, ನನ್ನ ಕೈಯಲ್ಲಿ ಜಿನ್. ಇರಲಿ ಎಂದು ಚೀಲದಲ್ಲಿ ಇನ್ನೊಂದು ಬಾಟ್ಲಿ. ಮಾನ್ಸಾ ಅಜ್ಜಿಯ ಅಂಗಳದಲ್ಲಿ ಎದುರು ಬದುರು ಕುರ್ಚಿ ಹಾಕಿದ್ದರು. ಆಕಡೆ ನಡುವೆ ಅಜ್ಜಿ, ಸುತ್ತ ಮುದುಕ ಮೀನುಗಾರರು, ಅಜ್ಜಿಯ ಪಕ್ಕದಲ್ಲಿ ಅವರ ಮಾತಿನವಳು ಕ್ರಿಸ್ಟಿಯಾನಾ. ಅವಳೂ ನಾನೂ ಊರಿನ ಅರ್ಧ ಮದುವೆಗಳಲ್ಲಿ ಎದುರಾಳಿಗಳು. ಶಾಸ್ತ್ರದಲ್ಲಿ ಒಬ್ಬರನ್ನೊಬ್ಬರು ಹುರಿದು ಮುಕ್ಕುತ್ತೇವೆ, ಆಮೇಲೆ ಒಂದೇ ತಟ್ಟೆಯಲ್ಲಿ ಉಣ್ಣುತ್ತೇವೆ.

ನಾನು ಎದ್ದು ಸೆರಗು ಸರಿಮಾಡಿಕೊಂಡು ಶುರುಮಾಡಿದೆ. "ನಾವು ಸುಮ್ನೆ ದಾರೀಲಿ ಹೋಗ್ತಿದ್ವಿ. ನಿಮ್ಮ ಅಂಗಳದಲ್ಲಿ ಒಂದು ಚೆಂದದ ಹೂವು ಕಾಣಿಸ್ತು. ನಮ್ಮ ಹುಡುಗ ಅಲ್ಲೇ ನಿಂತುಬಿಟ್ಟ. ಕಾಲೇ ಕೀಳಲ್ಲ ಅಂತಾನೆ. ಆ ಹೂವು ನಮಗೆ ಕೊಡ್ತೀರೇನೋ ಅಂತ ಕೇಳೋಕ್ಕೆ ಬಂದ್ವಿ."

ಕ್ರಿಸ್ಟಿಯಾನಾ ನಿಧಾನಕ್ಕೆ ಎದ್ದಳು. "ನೀವು ಮನೆ ತಪ್ಪಿ ಬಂದಿದೀರಾ ಆಂಟಿ ಅಬಾ. ಇಲ್ಲಿ ಹೂವಿಲ್ಲ. ಕೊಳೆತ ಮೀನಿದೆ. ಅದನ್ನ ಬೇಕಾದ್ರೆ ಬುಟ್ಟಿ ತುಂಬಾ ಕೊಡ್ತೀವಿ."

ಮುದುಕರು ಗೊಳ್ಳೆಂದು ನಕ್ಕರು. ತಾವಿಯಾನ ಹಣೆಯಿಂದ ಬೆವರು ಇಳಿಯಿತು. ನಾನು ಬಿಡಲಿಲ್ಲ. "ಕಾಮಿಕ್ಸು ಅಂದ್ರೆ ಕಾಗದ, ಶಾಯಿ. ಇಲ್ಲಿ ಕೂತಿರೋನು ರಕ್ತ ಮಾಂಸದ ಮನುಷ್ಯ. ಕಾಗದ ಮಾಡಿದ್ದಕ್ಕೆ ಮನುಷ್ಯನ್ನ ಬಯ್ತೀರಾ?"

ಅಜ್ಜಿ ಕ್ರಿಸ್ಟಿಯಾನಾಳ ಕಿವಿಯಲ್ಲಿ ಏನೋ ಹೇಳಿದಳು. ಶಾಸ್ತ್ರದಲ್ಲಿ ಹಿರಿಯರು ನೇರವಾಗಿ ಮಾತಾಡುವುದಿಲ್ಲ. ಕ್ರಿಸ್ಟಿಯಾನಾ ಅದಕ್ಕೆ ಒಗ್ಗರಣೆ ಹಾಕಿ ಬಡಿಸಿದಳು.

"ನಮ್ಮ ಅಜ್ಜಿ ಒಂದು ಮಾತು ಕೇಳ್ತಿದಾರೆ. ಕ್ಯಾಪ್ಟನ್‌ಗೆ ಅಂತ ಕೊಟ್ಟ ಹುರಿದ ಮೀನನ್ನ ತಿಂದಿದ್ದು ಕಾಗದವೋ ಮನುಷ್ಯನೋ? ಸಭೇಲಿ ಮುಂದಿನ ಕುರ್ಚೀಲಿ ಕೂತಿದ್ದು ಯಾವುದು, ಶಾಯಿಯೋ? ಹೊಗಳಿಕೆ ಬಂದಾಗ ಇವನು ಕ್ಯಾಪ್ಟನ್ನು, ಬೈಗುಳ ಬಂದಾಗ ಪಂಕ್ಚರ್ ಹಾಕೋ ತಾವಿಯಾ. ಇದು ಯಾವ ನ್ಯಾಯ ಅಂತ ನೀವೇ ಹೇಳಿ ಆಂಟಿ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ನನಗೆ ಅದೇ ಸಿಟ್ಟು. ತಾವಿಯಾ ತಗ್ಗಿದ ದನಿಯಲ್ಲಿ ಗೊಣಗಿದ. "ನಾನು ಕರೆಂಟು ತಿಂದಿಲ್ಲ ಅಜ್ಜಿ. ಮೀನು ತಿಂದಿದ್ದು ನಿಜ."

"ವರ ಮಾತಾಡೋ ಹಂಗಿಲ್ಲ," ಎಂದು ಗದರಿದಳು ಕ್ರಿಸ್ಟಿಯಾನಾ.

ಆಗ ನಾನೊಂದು ಎಡವಟ್ಟು ಮಾಡಿದೆ. ಚೀಲದಿಂದ ಎರಡನೆಯ ಬಾಟ್ಲಿ ತೆಗೆದು ಅಜ್ಜಿಯ ಕಾಲ ಬಳಿ ಇಟ್ಟು, "ಕ್ಯಾಪ್ಟನ್ ಸಿಡಿಲು ಮಾಡಿದ್ದಕ್ಕೆ ನಮ್ಮ ಮನೆತನದ ಪರವಾಗಿ ತಪ್ಪಾಯ್ತು ಅಂತ ಒಪ್ಕೋತೀನಿ" ಎಂದೆ. ಮೀನು ಹಾಳಾದ ಮುದುಕಿಯನ್ನು ಸಮಾಧಾನ ಮಾಡಿದರೆ ಕೆಲಸ ಮುಗಿಯುತ್ತದೆ ಎಂದು ನನ್ನ ಲೆಕ್ಕ. ಬಾಯಿಂದ ಬಿದ್ದ ಮೇಲೆ ಬುದ್ಧಿ ಬಂತು. ನಮ್ಮಲ್ಲಿ ತಪ್ಪಾಯ್ತು ಎಂದು ಬಾಟ್ಲಿ ಇಟ್ಟರೆ ತಪ್ಪು ಮಾಡಿದವನು ನಮ್ಮವನೇ ಎಂದು ಒಪ್ಪಿಕೊಂಡ ಹಾಗೆ. ಇಷ್ಟು ಹೊತ್ತು ಕಾಗದ, ಶಾಯಿ ಎಂದು ಕೂಗಿದವಳು ಆ ವಿಲನ್ನನ್ನು ಕೈಯಾರೆ ಮನೆತನಕ್ಕೆ ಸೇರಿಸಿಕೊಂಡಿದ್ದೆ.

ಅಜ್ಜಿ ಬಾಟ್ಲಿಯನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟುಕೊಂಡಳು. ಕ್ರಿಸ್ಟಿಯಾನಾಳ ಮುಖ ಅರಳಿತು. ಅಲ್ಲಿಂದ ಅವಳನ್ನು ಹಿಡಿಯುವವರೇ ಇಲ್ಲ.

"ಕರೆಂಟಿನ ವಿಷಯ ಮುಗೀತು, ಕ್ಷಮಿಸಿದ್ವಿ. ಕ್ಯಾಪ್ಟನ್ ನಿಮ್ಮ ಮನೆ ಹುಡುಗ ಅಂತಾಯ್ತು. ಹಂಗಾದ್ರೆ ಅವನ ಮುಂದಿನ ನಡತೆಗೂ ನೀವೇ ಜವಾಬ್ದಾರಿ. ಬರೋ ಮಂಗಳವಾರ ಅವನು ಏನ್ಮಾಡ್ತಾನೆ?"

ಎಲ್ಲರೂ ಫೀಫಿಯ ಕಡೆ ತಿರುಗಿದರು. ನಾನು ಕಣ್ಣಲ್ಲೇ ಬೇಡಿಕೊಂಡೆ, ಸುಳ್ಳು ಹೇಳು ಮಗನೇ, ಏನಾದರೂ ಒಂದು ಹೇಳು, ಚರ್ಚು ಕಟ್ಟಿಸುತ್ತಾನೆ ಎನ್ನು. ಆದರೆ ನನ್ನ ಮಗ ಬೇರೆ ಎಲ್ಲ ವಿಷಯದಲ್ಲೂ ಸುಳ್ಳು ಹೇಳುತ್ತಾನೆ, ಕಥೆಯ ವಿಷಯದಲ್ಲಿ ಮಾತ್ರ ಹೇಳುವುದಿಲ್ಲ. ಎದ್ದು ನಿಂತ. ಅಂಗಿಯ ಗುಂಡಿ ತಿರುವಿದ.

"ಮಂಗಳವಾರ ಅವನು ದೋಣಿ ಇಳಿಸ್ತಾನೆ," ಎಂದ. "ಒಬ್ಬನೇ ಕಡಲಿಗೆ ಹೋಗ್ತಾನೆ."

ಕಳ್ಳತನ, ಕರೆಂಟು, ಒಡೆತನ ಇವೆಲ್ಲ ಬೇರೆ. ಮಂಗಳವಾರ ಕಡಲಿಗೆ ಇಳಿಯುವುದೇ ಬೇರೆ. ಅಜ್ಜಿಯ ತಮ್ಮ, ಹಲ್ಲಿಲ್ಲದ ಮುದುಕ, ಟೋಪಿ ಹುಡುಕತೊಡಗಿದ. "ಮಂಗಳವಾರ," ಎಂದ. ಟೋಪಿ ತಲೆಯ ಮೇಲೇ ಇತ್ತು. "ಥೂ. ಮಂಗಳವಾರ."

"ಬಲೆ ಬೀಸ್ತಾನೇನೋ?" ಎಂದು ಇನ್ನೊಬ್ಬ ಮುದುಕ ಕೇಳಿದ.

"ಬೀಸ್ತಾನೆ," ಎಂದ ನನ್ನ ಪ್ರಾಮಾಣಿಕ ಮಗ. "ತುಂಬಾ ಮೀನೂ ಸಿಗುತ್ತೆ."

ಅದಂತೂ ಬೆಂಕಿಗೆ ತುಪ್ಪ. ಗಂಡಸರೆಲ್ಲ ಒಟ್ಟಿಗೇ ಮಾತಾಡಲು ಶುರುಮಾಡಿದರು. ಕ್ರಿಸ್ಟಿಯಾನಾ ನಾವು ತಂದ ಹೆಣ್ಣು ಕೇಳುವ ಬಾಟ್ಲಿಯನ್ನು ಎತ್ತಿ ನನ್ನ ಕಡೆ ಚಾಚಿದಳು. ಅವಳ ಮುಖದಲ್ಲಿ ಈಗ ತಮಾಷೆ ಇರಲಿಲ್ಲ, ನನ್ನನ್ನು ನೋಡಿ ಕನಿಕರಪಡುತ್ತಿದ್ದಳು. ಅದನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ. ತಾವಿಯಾ ಎರಡು ಕೈಯಲ್ಲೂ ಕುರ್ಚಿಯ ಅಂಚು ಹಿಡಿದುಕೊಂಡು ಕೂತಿದ್ದ. ಇನ್ಯಾರನ್ನೂ ಕೇಳುವುದಿಲ್ಲ ಎಂದಿದ್ದನಲ್ಲ, ಅದು ನೆನಪಾಯಿತು.

ನಾನು ಬಾಟ್ಲಿ ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡೆ.

"ಹುಡುಗೀನ ಕೇಳಿದೀರಾ?" ಎಂದೆ. "ಅವಳನ್ನ ಕೇಳದೆ ವಾಪಸ್ ಕೊಡೋ ಬಾಟ್ಲಿ ನಾನು ತಗೊಳ್ಳಲ್ಲ. ಪದ್ಧತಿ ಪದ್ಧತಿ ಅಂತ ಇಷ್ಟೊತ್ತು ನನ್ನ ರುಬ್ಬಿದ್ರಲ್ಲ, ಈಗ ಅದನ್ನೂ ಮಾಡಿ."

ಮುದುಕರು ಗೊಣಗಿದರು, ಆದರೆ ಇಲ್ಲ ಎನ್ನುವಂತಿರಲಿಲ್ಲ. ಎಫುವಾಳನ್ನು ಕರೆದರು. ನೀಲಿ ಬಟ್ಟೆ ಉಟ್ಟು, ತಲೆಗೆ ವಸ್ತ್ರ ಸುತ್ತಿಕೊಂಡು ಬಂದು ಅಜ್ಜಿಯ ಮುಂದೆ ನಿಂತಳು. ತಾವಿಯಾನ ಕಡೆ ನೋಡಲಿಲ್ಲ.

"ಎಫುವಾ, ಈ ಬಾಟ್ಲಿ ತಗೊಳ್ಳೋಣ್ವೋ, ವಾಪಸ್ ಕೊಡೋಣ್ವೋ?" ಎಂದು ಕ್ರಿಸ್ಟಿಯಾನಾ ಕೇಳಿದಳು.

"ತಗೊಳ್ಳಿ."

ಮೂರು ಸಲ ಕೇಳಬೇಕು. ಎರಡನೆಯ ಸಲ ಕೇಳುವಾಗ ಕ್ರಿಸ್ಟಿಯಾನಾ ಕರೆಂಟನ್ನೂ ಕೊಳೆತ ಮೀನನ್ನೂ ಸೇರಿಸಿದಳು. ಎಫುವಾ ಮತ್ತೆ "ತಗೊಳ್ಳಿ" ಎಂದಳು. ಮೂರನೆಯ ಸಲ ಕ್ರಿಸ್ಟಿಯಾನಾ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಕೈ ಅಡ್ಡ ಹಿಡಿದು, ಪದ್ಧತಿ ಬದಿಗಿಟ್ಟು, ತಾನೇ ಕೇಳಿದಳು.

"ಊರೆಲ್ಲ ಅವನನ್ನ ಒಳ್ಳೇವನು ಅಂತಿದ್ದಾಗ ನೀನು ಒಂದು ದಿನಾನೂ ಅವನ ಸುದ್ದಿ ಎತ್ತಲಿಲ್ಲ. ಈಗ ಊರೇ ಉಗೀತಾ ಇದೆ, ನೀನು ತಗೊಳ್ಳಿ ತಗೊಳ್ಳಿ ಅಂತೀಯ. ಏನೇ ನಿನ್ನ ಕಥೆ?"

"ಒಳ್ಳೇವನಾಗಿದ್ದಾಗ ಅವನ ಹತ್ರ ಹೋಗೋಕ್ಕೆ ಎಲ್ಲಿ ಜಾಗ ಇತ್ತು ಅಜ್ಜಿ?" ಎಂದಳು ಎಫುವಾ. "ಯಾವಾಗ ನೋಡಿದ್ರೂ ಮರದ ಕೆಳಗೆ ಜಾತ್ರೆ. ಒಬ್ಬಳು ಮೀನು ತರ್ತಾಳೆ, ಒಬ್ಬಳು ಮಗು ತರ್ತಾಳೆ, ಒಬ್ಬಳು ಮದುವೆಗಿರೋ ತಂಗೀನೇ ಕರ್ಕೊಂಡು ಬರ್ತಾಳೆ. ಇವನೋ, ಯಾರಿಗೂ ಹೋಗು ಅನ್ನಲ್ಲ. ಈ ವಾರ ಒಬ್ಬರೂ ಬರಲಿಲ್ಲ. ಒಬ್ಬನೇ ಕೂತಿದ್ದ. ನಂಗೂ ಕೊಯ್ಯೋಕ್ಕೆ ಮೀನಿರ್ಲಿಲ್ಲ. ಸ್ಟೂಲ್ ತಗೊಂಡು ಹೋಗಿ ಪಕ್ಕದಲ್ಲಿ ಕೂತೆ. ಬುಧವಾರ ಸುಮ್ನೆ ಕೂತಿದ್ದ. ಗುರುವಾರ ಮಾತಾಡಿದ. ನಿನ್ನೆ ನಿಲ್ಲಿಸಲೇ ಇಲ್ಲ ಅಜ್ಜಿ, ಅವರಮ್ಮನ ವಿಷಯ ಎಲ್ಲಾ ಹೇಳಿದ."

ಅಕ್ಕನ ವಿಷಯವನ್ನು ಅವನು ನನ್ನ ಹತ್ತಿರವೂ ಒಂದು ದಿನ ಎತ್ತಿದವನಲ್ಲ. ನನಗೆ ಅಳು ಬಂತು, ಎಲ್ಲರೆದುರು ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

"ಬೇಗ ತಗೊಳ್ಳಿ ಅಜ್ಜಿ," ಎಂದಳು ಎಫುವಾ. "ಈ ಫೀಫೀನ ನಂಬೋಕ್ಕಾಗಲ್ಲ. ಯಾವ ಮಂಗಳವಾರ ಅವನನ್ನ ಮತ್ತೆ ಒಳ್ಳೇವನು ಮಾಡ್ತಾನೋ. ಆಮೇಲೆ ನಾನು ಆ ಹೆಂಗಸರ ಹಿಂದೆ ನಿಂತ್ಕೋಬೇಕು."

ಕ್ರಿಸ್ಟಿಯಾನಾ ನಕ್ಕುಬಿಟ್ಟಳು. ಹಲ್ಲಿಲ್ಲದ ಮುದುಕ ಮಾತ್ರ ಇನ್ನೂ ಮಂಗಳವಾರದಲ್ಲೇ ಇದ್ದ. ಅಜ್ಜಿ ಅವನ ಕಡೆ ತಿರುಗಿ, ಕಡಲಿಗೆ ಇಳಿದವನು ಪದ್ಧತಿಯ ಪ್ರಕಾರ ಕಡಲಿಗೊಂದು ಕುರಿ ದಂಡ ಕೊಡುತ್ತಾನೆ, ಆ ಕುರಿಯನ್ನು ಅದರ ಮುಂದಿನ ಪುಸ್ತಕದಲ್ಲೇ ಕೊಡಿಸುತ್ತೇನೆ ಎಂದಳು. ಮುದುಕ ಯೋಚಿಸಿ, ಕುರಿ ದೊಡ್ಡದಿರಬೇಕು ಎಂದ.

"ನಂಗೆ ಕುರಿ ಬರೆಯೋಕ್ಕೆ ಬರಲ್ಲ," ಎಂದ ಫೀಫಿ. "ನಾಯಿ ಥರ ಆಗುತ್ತೆ."

"ಕಲ್ತ್ಕೋ," ಎಂದಳು ಅಜ್ಜಿ. ಕ್ರಿಸ್ಟಿಯಾನಾಳ ಕೈಯಿಂದ ಬಾಟ್ಲಿ ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು. ತಾವಿಯಾ ಕುರ್ಚಿಯ ಅಂಚು ಬಿಟ್ಟ. ಎಫುವಾ ಆಗ ಅವನ ಕಡೆ ನೋಡಿದಳು, ಅವನೂ ಈ ಸಲ ನೆಲ ನೋಡಲಿಲ್ಲ.

"ಮದುವೆ ಯಾವಾಗ ಇಟ್ಕೊಳ್ಳೋಣ ಅಬಾ?" ಎಂದು ಅಜ್ಜಿ ನನ್ನನ್ನೇ ನೇರವಾಗಿ ಕೇಳಿದಳು.

"ಈಸ್ಟರ್ ಆದ್ಮೇಲೆ."

ಅಜ್ಜಿ ಬಾಟ್ಲಿಯ ಕತ್ತನ್ನು ಹಿಡಿದುಕೊಂಡು ಫೀಫಿಯ ಕಡೆ ವಾಲಿದಳು. "ಕೇಳಿಸ್ತೇನೋ? ಅಲ್ಲೀವರೆಗೂ ಇವನು ಹೀಗೇ ಕೆಟ್ಟವನಾಗಿರ್ಬೇಕು."

"ಅದು ಆಗಲ್ಲ ಅಜ್ಜಿ," ಎಂದ ಫೀಫಿ. "ಮುಂದಿನ ತಿಂಗಳು ಅವನಿಗೆ ಪಶ್ಚಾತ್ತಾಪ ಆಗುತ್ತೆ. ಬರೆದು ಇಟ್ಟಿದೀನಿ. ನಾನು ಬರೆದಿದ್ರಲ್ಲೆಲ್ಲ ಅದೇ ಚೆನ್ನಾಗಿರೋದು."

"ಹರಿದು ಹಾಕು," ಎಂದಳು ಅಜ್ಜಿ.